ಬಲಕ್ಕೆ ಬಿದ್ದ ಹೂವು

ಹೂವು ಬಲಕ್ಕೇ ಬಿದ್ದಿತ್ತು, ರೇಣವ್ವ. ನಾನೇ ಅದನ್ನು ಈ ಕೈಯಿಂದ ಎಡಕ್ಕೆ ಸರಿಸಿದೆ.

ಮೊನ್ನೆ ಮುಂಜಾನೆ ನನ್ನ ಕಾಲಿಗೆ ಚಪ್ಪಲಿ ತೊಡಿಸಲು ನೀನು ನೆಲಕ್ಕೆ ಕೂತಿದ್ದಾಗ ಹೇಳಿದ್ದು ಇಷ್ಟೇ. ನೀನು ತಲೆ ಎತ್ತಲಿಲ್ಲ. ಎಡಗಾಲಿನ ಪಟ್ಟಿ ಬಿಗಿದೆ, ಬಲಗಾಲಿನದನ್ನೂ ಬಿಗಿದೆ, ಆಮೇಲೆ ನನ್ನ ಮುಖ ನೋಡದೆಯೇ ಕೇಳಿದೆ — "ಯಾಕ್ರಿ ಅತ್ತಿ?"

ನನ್ನ ಬಾಯಿ ಎಂಥದ್ದು ಎಂದು ಇಡೀ ಹುನ್ನೂರಿಗೆ ಗೊತ್ತು. ಓಣಿಯ ಆ ತುದಿಯವಳು ಒಂದು ಅಂದರೆ ಈ ತುದಿಯಿಂದ ನಾಲ್ಕು ಅನ್ನುವವಳು ನಾನು. ಅಂಥ ಬಾಯಿಗೆ ಆ ಹೊತ್ತು ಬೀಗ ಬಿತ್ತು. "ಹಾಲು ಉಕ್ಕೀತು ನೋಡ ಹೋಗು" ಅಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಆದರೂ ನೀನು ಎದ್ದು ಒಳಗೆ ಹೋದೆ — ನನ್ನ ಮಾನ ಉಳಿಸಲು ಹೋದೆ ಎಂದು ಈಗ ಅನ್ನಿಸುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ. ಒಂದೇ ಶಬ್ದ ಸಾಕು — ಹೊಟ್ಟೆಕಿಚ್ಚು. ಆದರೆ ಒಂದೇ ಶಬ್ದ ಹೇಳಿ ಕೈ ತೊಳೆದುಕೊಂಡರೆ ಅದೂ ಒಂದು ಕಳ್ಳತನವೇ. ಎಲ್ಲವನ್ನೂ ಹೇಳುತ್ತೇನೆ.

ಸಿದ್ದಪ್ಪ ತೊಟ್ಟಿಲಲ್ಲಿದ್ದಾಗಲೇ ಅವನ ಅಪ್ಪ ಹೋದ. ಕುರಿ ಹಿಂಡು ನನ್ನ ಕೊರಳಿಗೆ ಬಿತ್ತು. ಬೆನ್ನಿಗೆ ಮಗನನ್ನು ಕಟ್ಟಿಕೊಂಡು ಊರೂರ ಹೊಲ ತಿರುಗಿದೆ. ಕುರಿ ಕಾಯುವವಳ ಮಗ ಸಾಲಿ ಕಲಿತು, ಲೋಕಾಪುರದ ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್ ಆದ. ಅವನ ಹಸಿವು, ಅವನ ಜ್ವರ, ಅವನ ಅಂಗಿಯ ಹರುಕು — ಎಲ್ಲಾ ನನ್ನವು. ಅವನಿಗೆ ಬೇರೆ ಯಾರಾದರೂ ಬೇಕಾದಾರು ಎಂಬುದೇ ನನಗೆ ಹೊಳೆದಿರಲಿಲ್ಲ. ತಮಾಷೆ ನೋಡು, ಬೀಳಗಿ ಕಡೆಯಿಂದ ನಿನ್ನನ್ನು ನೋಡಿ, ಒಪ್ಪಿ, ಹಟ ಹಿಡಿದು ತಂದವಳೂ ನಾನೇ.

ನೀನು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಸಿದ್ದಪ್ಪ ರೊಟ್ಟಿ ಮುರಿಯುತ್ತಾ, "ಪುಂಡಿಪಲ್ಯ ಭಾಳ ಛಲೋ ಆಗೇತಿ" ಅಂದ. ಅಷ್ಟೇ. ಅವನಿಗೆ ಹಲ್ಲು ಬಂದಾಗಿನಿಂದ ಪುಂಡಿಪಲ್ಯ ಮಾಡಿ ಹಾಕಿದ್ದೇನೆ, ಒಂದು ದಿನವಾದರೂ ಹಾಗೆ ಅಂದಿದ್ದನೇ? ಆ ದಿನ ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಸುಮ್ಮಸುಮ್ಮನೆ ತೆಗೆದು ಬಡಿದು ಹಾಕಿದ್ದು ನಿನಗೆ ನೆನಪಿರಬೇಕು. ಇಲಿ ಬಂದಿತ್ತು ಎಂದು ಹೇಳಿದ್ದೆ.

ಅವನು ವಾರಕ್ಕೊಮ್ಮೆ, ಐತವಾರ, ಊರಿಗೆ ಬರುತ್ತಿದ್ದ. ಮೊದಲೆಲ್ಲ ಬಾಗಿಲಿಗೆ ಬಂದವನೇ "ಅವ್ವಾ" ಅನ್ನುತ್ತಿದ್ದ. ನೀನು ಬಂದ ಮೇಲೂ ಹಾಗೇ ಅನ್ನುತ್ತಿದ್ದ, ಸುಳ್ಳು ಯಾಕೆ ಹೇಳಲಿ — ಆದರೆ ಅನ್ನುವಾಗ ಕಣ್ಣು ಅಡಿಗೆಮನೆಯ ಕಡೆ ಇರುತ್ತಿತ್ತು. ಅಂಗಿಯ ಕಿಸೆಯಲ್ಲಿ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಬಚ್ಚಿಟ್ಟರೆ ವಾಸನೆ ಬಾರದೇ ಇರುತ್ತದೆಯೇ? ನೀವಿಬ್ಬರೂ ಒಳಗೆ ನಕ್ಕರೆ ಹೊರಗೆ ನನ್ನ ಮೈ ಉರಿಯುತ್ತಿತ್ತು. ನನ್ನ ಬಗ್ಗೆಯೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ನಿಮಗೆ ನನ್ನ ನೆನಪೇ ಇರಲಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಉರಿ ಎಬ್ಬಿಸುತ್ತಿತ್ತು.

ಅದೇ ವರ್ಷ ನನ್ನ ಎಡ ತೊಡೆಯ ಬುಡದಲ್ಲಿ ನೋವು ಶುರುವಾಯಿತು. ಕುರಿಯ ಹಿಂದೆ ತಿರುಗಿದ ಆಯಾಸ ಅಂದುಕೊಂಡೆ. ನೀನು ಔಡಲ ಎಣ್ಣೆ ಬಿಸಿ ಮಾಡಿ ತಿಕ್ಕಿದೆ, ಉಸುಕು ಕಾಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಕಡಿಮೆಯಾಗಲಿಲ್ಲ. ಕೂತರೆ ಏಳಲಾಗದು, ಎದ್ದರೆ ಹೆಜ್ಜೆ ಇಡಲಾಗದು ಎಂಬ ಸ್ಥಿತಿ ಬಂದಾಗ ಸಿದ್ದಪ್ಪ ನಮ್ಮಿಬ್ಬರನ್ನೂ ಮಿರಜಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ನನ್ನ ಎಲುಬಿನ ಫೋಟೋ ಬೆಳಕಿಗೆ ಹಿಡಿದು, ಸಂಧಿವಾತದಿಂದ ಟೊಂಕದ ಕೀಲು ಸವೆದಿದೆ, ಅದನ್ನು ತೆಗೆದು ಹೊಸ ಕೀಲು ಕೂಡಿಸಬಹುದು ಅಂದರು. ನಾನು ಬೆಚ್ಚಿಬಿದ್ದೆ. ಅವರು ಸಮಾಧಾನವಾಗಿಯೇ ಹೇಳಿದರು:

"ಇವತ್ತ ಮಾಡಸ್ರಿ ಅಂತ ನಾ ಅನ್ನಾಂಗಿಲ್ರಿ ಅಮ್ಮಾ. ಯಾವಾಗ ಅನ್ನೂದು ನೀವ ಠರಾಯಿಸ್ರಿ. ಆದ್ರ ಭಾಳ ವರ್ಷ ದೂಡಬ್ಯಾಡ್ರಿ — ಕಾಲು ಗಿಡ್ಡ ಆಗತೈತಿ, ಮಾಂಸ ಒಣಗತೈತಿ. ಆಮ್ಯಾಲ ಕೀಲು ಹೊಸಾದ ಹಾಕಿದ್ರೂ ಪೂರಾ ಉಪೇಗ ಆಗಾಂಗಿಲ್ಲ."

ಯಾವಾಗ ಅನ್ನುವುದು ನನ್ನ ಕೈಯಲ್ಲಿತ್ತು. ಆ ಮಾತನ್ನು ಚೆನ್ನಾಗಿ ಕೇಳಿಸಿಕೊಂಡೆ. ಉಳಿದ ಮಾತನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಸಿದ್ದಪ್ಪನಿಗೆ ಹಿಗ್ಗೋ ಹಿಗ್ಗು. "ಅವ್ವಾ, ನೀ ಅಡ್ಡಾಡುವಂಗ ಆದ್ಯಂದ್ರ ಗೆದ್ದಂಗ ಬೇ! ಲೋಕಾಪುರದಾಗ ಎರಡು ಖೋಲಿ ನೋಡೇನಿ. ರೇಣವ್ವನ್ನ ಅಲ್ಲಿಗೆ ಕರ್ಕೊಂಡ ಹೋಗತೇನಿ. ನೀನೂ ಬಂದು ಹೋಗಿ ಮಾಡೀಯಂತ."

ಬಂದು ಹೋಗಿ! ಹೆತ್ತ ಮಗನ ಮನೆಗೆ ನಾನು ಬಂದು ಹೋಗುವವಳು! ಬೀಗರ ಹಾಗೆ ಚೀಲ ಹಿಡಿದು ಹೋಗಿ, ಚಹಾ ಕುಡಿದು, ಸಂಜೆಯ ಬಸ್ಸಿಗೆ ತಿರುಗಿ ಬರುವವಳು! ಅವನು ಏನೂ ಕೆಟ್ಟದ್ದು ಯೋಚಿಸಿ ಅಂದಿರಲಿಲ್ಲ. ಇರುವುದನ್ನು ಇದ್ದಂತೆ ಅಂದಿದ್ದ. ನೀನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ, ಆದರೆ ನಿನ್ನ ಕೆನ್ನೆ ನಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮುಧೋಳ ದಾಟಿ ಜಮಖಂಡಿ ಬರುವವರೆಗೆ... ಅಲ್ಲ, ದಾರಿ ಅದಲ್ಲ, ಮಿರಜಿನಿಂದ ಬರುವಾಗ ಮುಧೋಳ ಎಲ್ಲಿ ಬಂತು? ನೋಡು, ಆ ದಿನ ನಾನು ಯಾವ ದಾರಿಯಲ್ಲಿ ಬಂದೆ ಎಂಬುದೂ ನೆನಪಿಲ್ಲ. ಆ ಕೆನ್ನೆಯೊಂದೇ ನೆನಪಿದೆ.

ಅಂದೇ ತಿಳಿಯಿತು — ನನ್ನ ಕಾಲು ಕುಂಟುತ್ತಿರುವವರೆಗೆ ನೀನು ಎಲ್ಲಿಗೂ ಹೋಗಲಾರೆ. ನೀನು ಇಲ್ಲಿದ್ದರೆ ಅವನು ಐತವಾರಕ್ಕೊಮ್ಮೆ ಬಂದೇ ಬರುತ್ತಾನೆ. ಬಂದರೆ ನನ್ನನ್ನು ಎತ್ತಿಕೊಳ್ಳುತ್ತಾನೆ.

ಇದನ್ನು ಹೇಗೆ ಹೇಳಲಿ... ನಾಚಿಕೆಯಾಗುತ್ತದೆ. ಕಾಲು ಕೆಟ್ಟ ಮೇಲೆ ಐತವಾರ ಮುಂಜಾನೆ ಸಿದ್ದಪ್ಪ ನನ್ನನ್ನು ಹೊರಸಿನಿಂದ ಎರಡೂ ಕೈಯಲ್ಲಿ ಎತ್ತಿ, ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕೂಡಿಸುತ್ತಿದ್ದ. ಬೆನ್ನಿಗೆ ಕಟ್ಟಿಕೊಂಡು ತಿರುಗಿದ್ದ ಮಗು ಈಗ ನನ್ನನ್ನು ಹೊರುತ್ತಿತ್ತು. ಆ ಹತ್ತು ಹೆಜ್ಜೆಯಲ್ಲಿ ಅವನ ಕೊರಳಿಗೆ ನನ್ನ ಕೈ. ನೋವು ಜೀವ ಹಿಂಡುತ್ತಿತ್ತು, ಆದರೂ ವಾರವೆಲ್ಲ ಆ ಹೊತ್ತಿಗಾಗಿ ಕಾಯುತ್ತಿದ್ದೆ. ಹೊಸ ಕೀಲು ಹಾಕಿಸಿಕೊಂಡರೆ ಅದೂ ಹೋಯಿತಲ್ಲ!

ನಮ್ಮ ಮನೆತನದಲ್ಲಿ ದೊಡ್ಡ ಕೆಲಸಕ್ಕೆ — ಮದುವೆ ಇರಲಿ, ಬಾವಿ ಇರಲಿ, ಮೈಗೆ ಕತ್ತಿ ತಾಗಿಸುವುದಿರಲಿ — ಗುಡ್ಡದ ಬೀರಪ್ಪನಿಗೆ ಹೂ ಕೇಳದೆ ಕೈ ಹಾಕುವುದಿಲ್ಲ. ದೇವರ ಎರಡೂ ಹೆಗಲಿಗೆ ಒದ್ದೆ ಸೇವಂತಿಗೆ ಇಡುತ್ತಾರೆ. ಬಲದ ಹೂ ಬಿದ್ದರೆ ಮಾಡು, ಎಡದ್ದು ಬಿದ್ದರೆ ಬೇಡ. ಕಷ್ಟ ಯಾರದೋ ಅವರೇ ಒಬ್ಬರೇ ಗರ್ಭಗುಡಿಯ ಹೊಸ್ತಿಲಿಗೆ ಕೂತು ಕೇಳಬೇಕು, ಉಳಿದವರು ಹೊರಗೆ. ಒಮ್ಮೆ ಎಡಕ್ಕೆ ಬಿತ್ತೆಂದರೆ ಮತ್ತೆ ಮತ್ತೆ ಹೋಗಿ ದೇವರನ್ನು ಕಾಡಬಾರದು. ಸಿದ್ದಪ್ಪ ನೌಕರಿಯವನಾದರೂ ಇದನ್ನು ಮೀರುವವನಲ್ಲ.

ಅವನೇ ನನ್ನನ್ನು ಹೊತ್ತು ಗುಡ್ಡ ಹತ್ತಿದ. ಹೊಸ್ತಿಲಲ್ಲಿ ಕೂಡಿಸಿ ಹೊರಗೆ ಹೋದ. ನೀನು ಹೊರಗಿನ ಕಟ್ಟೆಯ ಮೇಲೆ ಕೈ ಮುಗಿದು ಕೂತಿದ್ದೆ. ಪೂಜಾರಿ ಮುತ್ಯಾ ಹೂವಿಟ್ಟು, "ಕೇಳಬೇ ಯವ್ವಾ" ಅಂದ. "ಕೀಲು ಬದಲು ಮಾಡಸಲೇನಪಾ ಬೀರಪ್ಪ?" ಎಂದು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದೆ. ಒಳಗೊಳಗೆ ಮಾತ್ರ — ಬೇಡ ಅನ್ನು, ಬೇಡ ಅನ್ನು ನನ್ನಪ್ಪಾ — ಎಂದು ಬೇಡಿಕೊಳ್ಳುತ್ತಿದ್ದೆ.

ಮಂದಿಗೆ ಹೂ ಬೀಳಬೇಕಾದರೆ ಕೂತ ಕಾಲು ಜೋಮು ಹಿಡಿಯುತ್ತದೆ. ನನಗೆ ಅಷ್ಟು ತಡವಾಗಲಿಲ್ಲ. ಮುತ್ಯಾ ದೀಪಕ್ಕೆ ಎಣ್ಣೆ ಹಾಕಲು ಬೆನ್ನು ತಿರುಗಿಸಿದ್ದ. ಬಲಗಡೆಯ ಸೇವಂತಿಗೆ ಜಾರಿ ದೇವರ ಪಾದದ ಹತ್ತಿರ ಬಿತ್ತು. ಮಂದಿ ಬೇಡಿ ಬೇಡಿ ಪಡೆಯುವ ಉತ್ತರವನ್ನು ಬೀರಪ್ಪ ನಾನು ಕೇಳಿದ ಕೂಡಲೇ ಕೊಟ್ಟಿದ್ದ.

ನಾನು ಹೊಸ್ತಿಲಾಚೆ ಕೈ ಚಾಚಿದೆ. ಪೂಜಾರಿಯ ಹೊರತು ಯಾರೂ ಕೈ ಹಾಕಬಾರದ ಜಾಗ ಅದು. ಆ ಹೂವನ್ನು ಎತ್ತಿ ದೇವರ ಬಲಹೆಗಲಿಗೆ ಮತ್ತೆ ಏರಿಸಿದೆ, ಎಡಗಡೆಯದನ್ನು ಬೆರಳಿನಿಂದ ಎಳೆದು ಕೆಡವಿದೆ. ಹೂವನ್ನು ಸರಿಸಿದೆ ಎಂದು ಮೊನ್ನೆ ನಿನಗೆ ಅಂದೆನಲ್ಲ — ಅದೂ ಅರ್ಧ ಸುಳ್ಳು. ಸರಿಸಿದ್ದಲ್ಲ. ದೇವರ ಮೈಮೇಲೆ ಕೈ ಹಾಕಿ ಅವನ ಮಾತನ್ನೇ ತಿರುಗಿಸಿದ್ದು. ಬಗ್ಗಿದ್ದಕ್ಕೆ ತೊಡೆಯ ಬುಡದಲ್ಲಿ ಬೆಂಕಿ ಇಟ್ಟಂತೆ ಆಯಿತು; ಹಲ್ಲು ಕಚ್ಚಿ ತಡೆದುಕೊಂಡೆ. ಒಳ್ಳೆಯದಕ್ಕೆ ಎಂದೂ ಹಾಗೆ ತಡೆದುಕೊಂಡವಳಲ್ಲ.

ಮುತ್ಯಾ ತಿರುಗಿ ನೋಡಿದ. "ಎಡಕ್ಕ ಬಿತ್ತಲ್ಲಬೇ..." ಎಂದು ಹೊರಗೆ ಬಂದು ನಿಮಗೂ ಹೇಳಿದ. "ಮನ್ಯಾಗ ಏನರ ಮೈಲಿಗಿ ಆಗೈತೇನ ವಿಚಾರ ಮಾಡ್ರಿ."

ಆಗ ನಾನು ನಿನ್ನ ಕಡೆ ನೋಡಿದೆ. ಒಂದು ಮಾತೂ ಆಡಲಿಲ್ಲ, ಬರೇ ನೋಡಿದೆ. ಹಿಂದಿನ ದಿನವಷ್ಟೇ ನೀನು ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡಿದ್ದು ನನಗೆ ಗೊತ್ತಿತ್ತು. ನನ್ನ ನೋಟ ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ನಿನ್ನ ಮುಖ ಸುಣ್ಣವಾಯಿತು.

"ನಂದ ತಪ್ಪ ಆತ್ರಿ ಅತ್ತಿ. ನಾ ಗುಡ್ಡಕ್ಕ ಬರಬಾರದಿತ್ತು. ಬೀರಪ್ಪ ಬಲಕ್ಕ ಹೂ ಕೊಡೂತನಕ ನಾ ಕಾಲಾಗ ಚಪ್ಪಲ ಮೆಟ್ಟೂದಿಲ್ಲ. ಪ್ರತಿ ಐತವಾರ ಬಂದು ಅವನ ಗುಡಿ ಪೌಳಿ ಕಸಾ ಹೊಡೀತೇನಿ."

ಗುಡಿಯ ಮೆಟ್ಟಿಲ ಹತ್ತಿರ ನಿನ್ನ ಕೆಂಪು ಪಟ್ಟಿಯ ಚಪ್ಪಲಿ ಇದ್ದವು — ಸಿದ್ದಪ್ಪ ಜಮಖಂಡಿಯಿಂದ ತಂದುಕೊಟ್ಟಿದ್ದವು, ನನ್ನ ಕಣ್ಣು ಕುಕ್ಕುತ್ತಿದ್ದವು. ನೀನು ಅವನ್ನು ಅಲ್ಲೇ ಬಿಟ್ಟು ಕೆಳಗಿಳಿದೆ. ಖರೆ ಹೇಳುತ್ತೇನೆ ರೇಣವ್ವ, ಆ ಚಪ್ಪಲಿ ಅಲ್ಲೇ ಉಳಿದದ್ದಕ್ಕೆ ನನಗೆ ಸಂತೋಷವಾಯಿತು.

ಆಮೇಲಿನ ಐತವಾರಗಳು ನಾನು ಬಯಸಿದಂತೆಯೇ ಬಂದವು. ಅವನು ಮನೆಯಲ್ಲಿರುವ ಒಂದೇ ದಿನ ನೀನು ಗುಡ್ಡಕ್ಕೆ ಹೊರಡುತ್ತಿದ್ದೆ. ಅರ್ಧ ದಿನ ಮಗ ನನ್ನವನು. ಎತ್ತಿ ಕಟ್ಟೆಗೆ ಕೂಡಿಸುತ್ತಿದ್ದ, ಉಗುರು ತೆಗೆಯುತ್ತಿದ್ದ, ಲೋಕಾಪುರದ ಸುದ್ದಿ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಮಾತು ನಿಲ್ಲುತ್ತಿತ್ತು. ತಲೆ ಎತ್ತಿ ನೋಡಿದರೆ ಅವನ ಕಣ್ಣು ಗುಡ್ಡದ ದಾರಿಯ ಮೇಲೆ. ಬಿಸಿಲು ಏರಿದಷ್ಟೂ ಎದ್ದು ಎದ್ದು ನೋಡುತ್ತಿದ್ದ. "ನೆಲ ಸುಡಾಕತ್ತಿರತೈತಿ ಬೇ" ಅನ್ನುತ್ತಿದ್ದ. ದೇವರಿಗೇ ಮೋಸ ಮಾಡಿ ಮಗನನ್ನು ನನ್ನ ಮುಂದೆ ಕೂಡಿಸಿಕೊಂಡಿದ್ದೆ. ಅವನ ಕಣ್ಣನ್ನು ತಿರುಗಿಸಲು ಮಾತ್ರ ನನ್ನಿಂದ ಆಗಲಿಲ್ಲ. ಅದಕ್ಕೆ ಇನ್ನಷ್ಟು ಉರಿ. ನೀನು ಬಂದು ಕಾಲಿಗೆ ನೀರು ಹಾಕಿಕೊಳ್ಳುವಾಗ "ಇಷ್ಟ ಹೊತ್ತೇನ ಮಾಡತೀ? ರೊಟ್ಟಿ ಯಾರ ಬಡೀಬೇಕು?" ಎಂದು ಬೈಯುತ್ತಿದ್ದೆ. ನಿನ್ನ ಹಿಮ್ಮಡಿ ಒಡೆದು ರಕ್ತ ಬಂದದ್ದು ಕಾಣುತ್ತಿತ್ತು. ಕಂಡರೂ...

ವರ್ಷಗಳು ಹೋದವು. ಡಾಕ್ಟರು ಹೇಳಿದಂತೆಯೇ ಕಾಲು ಗಿಡ್ಡವಾಯಿತು. ಸಿದ್ದಪ್ಪ ಮತ್ತೊಮ್ಮೆ ಹೂ ಕೇಳೋಣ ಅಂದಾಗಲೆಲ್ಲ "ಒಮ್ಮೆ ಬ್ಯಾಡ ಅಂದಾನ, ಅವನ ಮಾತ ಮೀರೂದೇನ?" ಎಂದು ಬಾಯಿ ಮುಚ್ಚಿಸಿದೆ. ಅವನು ಲೋಕಾಪುರದ ಖೋಲಿಗಳ ಆಸೆ ಬಿಟ್ಟು ಯಾರದೋ ಮನೆಯಲ್ಲಿ ಒಂದು ಮೂಲೆ ಹಿಡಿದ. ನಿಮ್ಮ ಸಂಸಾರ ವಾರಕ್ಕೊಂದು ಸಂಜೆಯ ಸಂಸಾರವಾಯಿತು. ನೀನು ನನ್ನನ್ನು ಎಬ್ಬಿಸಿದೆ, ತೊಳೆದೆ, ಮಲಗಿಸಿದೆ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಗಂಟು ಹಾಕಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

ಕಡೆಗೆ ಗುಡ್ಡದ ದಾರಿಯ ಜಾಲಿಮುಳ್ಳು ನಿನ್ನ ಅಂಗಾಲಿನಲ್ಲಿ ಮುರಿಯಿತು. ನೀನು ಹೇಳಲಿಲ್ಲ. ಕಾಲು ಬಾತು ಕೀವು ತುಂಬಿತು. ಮುಂದಿನ ಐತವಾರ ಸಿದ್ದಪ್ಪ ಬಂದಾಗ ನೀನು ಒಂದು ಕಾಲು ಎಳೆದುಕೊಂಡು, ನೆಲದ ಮೇಲೆ ಕೂತು ಸರಿಯುತ್ತಾ ನನಗೆ ನೀರಿನ ತಂಬಿಗೆ ತರುತ್ತಿದ್ದೆ. ಅವನು ಬಾಗಿಲಲ್ಲೇ ನಿಂತುಬಿಟ್ಟ. ಹುಟ್ಟಿದಾಗಿನಿಂದ ನನ್ನ ಮುಂದೆ ದನಿ ಎತ್ತದ ಮಗ ಆ ದಿನ ಕೂಗಿದ — "ಸಾಕಾತ ಬೇ ಯವ್ವಾ! ಹೂ ಕೊಡ್ಲಿ, ಬಿಡ್ಲಿ. ನಾಳೆ ಇಕಿನ್ನ ಜಮಖಂಡಿಗೆ ಒಯ್ಯತೇನಿ. ಇಕಿ ಕಾಲು ನೆಟ್ಟಗಾದ ಮ್ಯಾಲ ನಿನ್ನ ಮಿರಜಿಗೆ. ದೇವ್ರು ಸಿಟ್ಟಾದ್ರ ನನ್ನ ಮ್ಯಾಲ ಆಗಲಿ!"

ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವನು ಮೊದಲು ನಿನ್ನ ಕಾಲಿನ ಮಾತು ಆಡಿದ, ಆಮೇಲೆ ನನ್ನದು — ಅದನ್ನೇ ಎಣಿಸುತ್ತಾ ಕೂತೆ.

ಹೊಸ ಕೀಲು ಕೂಡಿತು. ನೋವು ಹೋಯಿತು. "ಮೊದಲ ಬಂದಿದ್ರ ಕೋಲು ಒಗದು ನಡೀತಿದ್ರಿ ಅಮ್ಮಾ, ಈಗ ಕೋಲು ಬಿಡಬ್ಯಾಡ್ರಿ" ಅಂದರು ಡಾಕ್ಟರು. ಅದು ನನಗೆ ತಕ್ಕದ್ದು. ಅದರ ದುಃಖ ಇಲ್ಲ. ಆದರೆ ನೀನು ಮಾಡಿದ್ದು? ದೇವರ ಮಾತು ಮೀರಿ ಕತ್ತಿ ತಾಗಿಸಿದ್ದೇವೆ, ಅವನ ಸಿಟ್ಟು ಅತ್ತೆಯ ಹೊಸ ಕೀಲಿಗೆ ಬರಬಾರದು, ಬರುವುದಿದ್ದರೆ ನನ್ನ ಕಾಲಿಗೇ ಬರಲಿ — ಎಂದು ಸಾಯುವವರೆಗೆ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತೆ. ನನಗೆ ಹೇಳಲೂ ಇಲ್ಲ. ಪೂಜಾರಿ ಮುತ್ಯಾನಿಂದ ತಿಳಿಯಿತು.

ಈಗ ನಾನು ಬಗ್ಗುವಂತಿಲ್ಲ, ಕುಕ್ಕರಗಾಲಲ್ಲಿ ಕೂಡುವಂತಿಲ್ಲ. ಮೆತ್ತನೆ ರಬ್ಬರಿನ ಚಪ್ಪಲಿ ಮನೆಯೊಳಗೂ ಮೆಟ್ಟಬೇಕಂತೆ. ಅದನ್ನು ದಿನಾ ಮುಂಜಾನೆ ನನ್ನ ಕಾಲಿಗೆ ತೊಡಿಸುವವಳು ಬರಿಗಾಲ ನೀನು. ಮೊನ್ನೆಯೂ ಹಾಗೇ ಕೂತಿದ್ದೆ. ನಿನ್ನ ಬೈತಲೆಯಲ್ಲಿ ಬಿಳಿಕೂದಲು ಕಂಡಿತು. ಬಂದಾಗ ಎಂಥ ಕಪ್ಪು ಕೂದಲಿನ ಹುಡುಗಿ ನೀನು! ಇವಳಿಗೂ ವಯಸ್ಸಾಯಿತು, ಇವಳ ವಯಸ್ಸನ್ನು ನಾನು ತಿಂದೆ ಅನ್ನಿಸಿತು. ಬಾಯಿಂದ ಮಾತು ತಾನಾಗಿ ಬಂತು.

ನಿನ್ನೆ ಮುಂಜಾನೆ ನೀನು ಬರಲಾರೆ ಅಂದುಕೊಂಡಿದ್ದೆ. ಬಂದೆ. ಅದೇ ಹೊತ್ತಿಗೆ ಬಂದು, ನೆಲಕ್ಕೆ ಕೂತು, ಅದೇ ಹಗುರ ಕೈಯಿಂದ ಪಟ್ಟಿ ಬಿಗಿದೆ. ನಾನಾಗಿದ್ದರೆ ಆ ಚಪ್ಪಲಿಯನ್ನೇ ಕೈಗೆ ತೆಗೆದುಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲೂ, ಇಷ್ಟೆಲ್ಲ ಆದ ಮೇಲೂ, ಮೊದಲು ಅನ್ನಿಸಿದ್ದು ಏನು ಗೊತ್ತೇ? ನಿನಗೆ ಹೀಗಿರಲು ಹೇಗೆ ಬರುತ್ತದೆ, ನನಗೆ ಯಾಕೆ ಬರಲಿಲ್ಲ ಎಂಬ ಹೊಟ್ಟೆಕಿಚ್ಚೇ. ಕೀಲು ಬದಲಾಯಿತು, ಹೊಟ್ಟೆ ಬದಲಾಗಲಿಲ್ಲ.

ಸಂಜೆ ಪಕ್ಕದ ಮನೆಯವಳ ಕೈಯಲ್ಲಿ ಜಮಖಂಡಿಯಿಂದ ತರಿಸಿದ ಹೊಸ ಚಪ್ಪಲಿ ನಿನ್ನ ಮುಂದೆ ಇಟ್ಟೆ. ಹೂ ಬಲಕ್ಕೇ ಬಿದ್ದಿತ್ತು, ನಿನ್ನ ಯಾವ ಹರಕೆಗೂ ಬುಡವಿಲ್ಲ, ಮೆಟ್ಟು ಅಂದೆ. ನೀನು ಮೆಟ್ಟಿದೆ. ಅಂಗಳದ ತುದಿಯವರೆಗೆ ಹೋಗಿ ತಿರುಗಿ ಬಂದು ಬಿಚ್ಚಿಟ್ಟೆ. "ಕಚ್ಚತಾವ್ರಿ ಅತ್ತಿ," ಅಂದೆ, "ಇನ್ನ ನನ್ನ ಕಾಲು ಚಪ್ಪಲಕ್ಕ ಒಗ್ಗಾಂಗಿಲ್ರಿ." ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಅದು ನನಗೆ ಗೊತ್ತು.

ನಾಳೆ ಐತವಾರ. ಸಿದ್ದಪ್ಪ ಬರುತ್ತಾನೆ. ಕೀಲು ಹೊಸದಾಗಿದ್ದರೂ ಅವನಿಗೆ ರೂಢಿ ತಪ್ಪಿಲ್ಲ. ಬಾಗಿಲಿಗೆ ಬಂದವನೇ ನನ್ನನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚುತ್ತಾನೆ. ನಾಳೆ ಎತ್ತಿಸಿಕೊಳ್ಳುವುದಿಲ್ಲ. ಕೋಲು ಊರಿ ನಾನೇ ಅವನವರೆಗೆ ನಡೆದು ಹೋಗಿ, ನಿನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳುತ್ತೇನೆ. ಮೊದಲು ಬಸ್ಸಿನಲ್ಲಿ ನಗುತ್ತಿದ್ದ ನಿನ್ನ ಕೆನ್ನೆಯಿಂದ ಶುರು ಮಾಡುತ್ತೇನೆ. ಆಮೇಲೆ ಅವನು ನಿನ್ನನ್ನು ಲೋಕಾಪುರಕ್ಕೆ ಕರೆದುಕೊಂಡು ಹೋಗಲಿ. ನನ್ನ ಕಡೆ ಆ ಕೈ ಇನ್ನೊಮ್ಮೆ ಚಾಚುತ್ತಾನೋ ಇಲ್ಲವೋ — ಅದನ್ನು ಮಾತ್ರ ನಾನು ಯಾವ ದೇವರಿಗೂ ಕೇಳುವುದಿಲ್ಲ.